ಸೃಷ್ಟಿ ಮೇಷ್ಟ್ರ ಹೆಂಡತಿಯ ಕಣ್ಣು

ನಮ್ಮ ಭಾವನಿಗೆ ದೇವರು ಎಲ್ಲೆಲ್ಲೂ ಕಾಣುತ್ತಿದ್ದ. ಎಲೆಯ ಬೆನ್ನಿನ ಮೇಲೆ ಕಾಣುತ್ತಿದ್ದ, ಬಸವನಹುಳದ ಚಿಪ್ಪಿನಲ್ಲಿ ಕಾಣುತ್ತಿದ್ದ, ಪಾರಿವಾಳದ ಕತ್ತಿನ ಬಣ್ಣದಲ್ಲಿ ಕಾಣುತ್ತಿದ್ದ. ಕಾಣಲಿ ಬಿಡಿ, ಯಾರು ಬೇಡ ಅಂದರು? ಆದರೆ ಮೂವತ್ನಾಲ್ಕು ವರ್ಷ ಕನ್ನಡಕದ ಅಂಗಡಿ ನಡೆಸಿ, ಊರವರ ಕಣ್ಣನ್ನೆಲ್ಲ ಪರೀಕ್ಷೆ ಮಾಡಿದ ಈ ಮಹಾನುಭಾವರಿಗೆ, ಅದೇ ಅಂಗಡಿಯಲ್ಲಿ ಮಾರು ದೂರದಲ್ಲಿ ನಿಂತಿದ್ದ ಹೆಂಡತಿಯ ಕಣ್ಣು ಹೋಗುತ್ತಿರುವುದು ಮಾತ್ರ ಕಾಣಲಿಲ್ಲ. ಆ ಹೆಂಡತಿ ನನ್ನ ಒಡಹುಟ್ಟಿದ ಅಕ್ಕ. ಹಾಗಾಗಿ ಭಾವನ ಬಗ್ಗೆ ನಾಲ್ಕು ಒಳ್ಳೆ ಮಾತು ಬೇಕು ಅನ್ನುವವರು ಪಾರ್ಕಿಗೆ ಹೋಗಿ ಕೇಳಿ. ಅವರನ್ನು ಅಟ್ಟಕ್ಕೇರಿಸುವವರು ಅಲ್ಲಿ ಹದಿನೈದು ಜನ ಸಿಗುತ್ತಾರೆ. ನನ್ನ ಹತ್ತಿರ ಬಂದರೆ ಹೀಗೇ.

ಪಾರ್ಕಿನಲ್ಲಿ ಅವರಿಗೆ ಸೃಷ್ಟಿ ಮೇಷ್ಟ್ರು ಅಂತ ಹೆಸರು. ಯಾವ ಶಾಲೆಯಲ್ಲೂ ಒಂದು ದಿನ ಪಾಠ ಹೇಳಿದವರಲ್ಲ. ಹನ್ನೊಂದು ವರ್ಷದ ಹಿಂದೆ ಡಾಕ್ಟರು, ಸಕ್ಕರೆ ಕಾಯಿಲೆ ಇದೆ, ದಿನಾ ನಡೀರಿ ಅಂದರು. ನಡೆಯಲು ಹೋದವರು ನಾಲ್ಕನೇ ದಿನಕ್ಕೇ ನಿಂತುಬಿಟ್ಟರು. ನಿಂತು ಮಾತಾಡತೊಡಗಿದರು. ಅಂಗಡಿಯ ಭೂತಗನ್ನಡಿಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ನೇತುಹಾಕಿಕೊಂಡು, ಬೆಳಗ್ಗೆ ಆರೂವರೆಗೆ ಯಾವುದಾದರೂ ಗಿಡದ ಮುಂದೆ ನಿಲ್ಲುವುದು; ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿಯುವುದು. "ನೋಡಿ, ನೋಡಿ ಈ ನರಗಳನ್ನ! ಯಾವ ಇಂಜಿನಿಯರು ಹಾಕ್ತಾನೆ ಇಂಥ ನಕ್ಷೆ? ಯಾರ ಕೈಕೆಲಸ ಇದು? ಹೇಳಿ, ಯಾರದು?" ಆಗ ನಿವೃತ್ತ ಜಡ್ಜು, ಹಲ್ಲಿನ ಡಾಕ್ಟರು, ಮೊಣಕಾಲು ನೋವಿನ ಹೆಡ್‌ಮಿಸ್ಸು ಎಲ್ಲರೂ ಒಂದೇ ಗಂಟಲಲ್ಲಿ "ಅವನದೇ, ಅವನದೇ" ಅನ್ನುವುದು. ಈ ಗುಂಪು ಗೇಟು ದಾಟುತ್ತಿದ್ದ ಹಾಗೆ ಪಾರ್ಕಿನ ಮಾಲಿ ನೀರಿನ ಪೈಪು ಬಿಸಾಕಿ ಪಂಪ್‌ಶೆಡ್ಡಿನ ಹಿಂದೆ ಹೋಗಿ ಕೂರುತ್ತಿದ್ದ. ದೇವರ ಸೃಷ್ಟಿಯನ್ನು ಹತ್ತಿರದಿಂದ ನೋಡುವ ಭರದಲ್ಲಿ ಅವನು ನೆಟ್ಟ ಸಸಿಗಳನ್ನೆಲ್ಲ ಇವರು ತುಳಿದು ಹಾಕುತ್ತಿದ್ದರು. ಯಾಕ್ರೀ ಅಂತ ಕೇಳಿದರೆ ಅವನಿಗೇ ಅರ್ಧ ಗಂಟೆ ಉಪದೇಶ.

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಕೂತವಳು. ಜಾಲರಿಯ ಆ ಕಡೆ ನಿಂತವರು ಬಾಯಿ ತೆರೆಯುವ ಮೊದಲೇ ಅವರಿಗೆ ಸ್ಟಾಂಪು ಬೇಕೋ ಜಗಳ ಬೇಕೋ ಅಂತ ಗೊತ್ತಾಗುತ್ತದೆ. ದೇವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ದೇವರ ಹೆಗಲ ಮೇಲೆ ಕೈ ಹಾಕಿಕೊಂಡು, ಇವನು ನಮ್ಮವನೇ ಅನ್ನೋ ಹಾಗೆ ಓಡಾಡುವವರನ್ನು ಕಂಡರೆ ಮೈ ಉರಿಯುತ್ತದೆ, ಅಷ್ಟೆ. ಆದರೂ ಸುಳ್ಳು ಹೇಳಬಾರದು. ಒಂದು ಸಲ ರಜೆಯ ದಿನ ಪಾರ್ಕಿನ ಮೂಲಕ ಹೋಗುತ್ತಿದ್ದಾಗ ಭಾವ ಕೈ ಹಿಡಿದು ನಿಲ್ಲಿಸಿ ಒಂದು ಜೇಡರಬಲೆ ತೋರಿಸಿದರು. ಕಲ್ಲು ಬೆಂಚಿಗೂ ಕಸದ ಡಬ್ಬಕ್ಕೂ ನಡುವೆ ಕಟ್ಟಿತ್ತು. ಭೂತಗನ್ನಡಿಯಲ್ಲಿ ನೋಡಿದೆ. ಎಳೆ ಎಳೆಗೂ ಇಬ್ಬನಿ, ಒಂದೊಂದು ಹನಿಯ ಒಳಗೂ ಇಡೀ ಪಾರ್ಕು ತಲೆಕೆಳಗಾಗಿ ನಿಂತಿತ್ತು. ಮರ, ದೀಪದ ಕಂಬ, ಹೆಡ್‌ಮಿಸ್ಸು, ಎಲ್ಲ. ಎಷ್ಟು ಹೊತ್ತು ಬಗ್ಗಿ ನಿಂತಿದ್ದೆನೋ ಗೊತ್ತಿಲ್ಲ. "ಹೇಗಿದೆ?" ಅಂದರು. "ಸೊಳ್ಳೆ ಹಿಡಿಯೋಕೆ ಕಟ್ಟಿದ್ದು" ಅಂದೆ. ಅಯ್ಯೋ, ಎಷ್ಟು ಚೆನ್ನಾಗಿತ್ತು ಅದು! ಆ ಮನುಷ್ಯ ತೋರಿಸಿದ್ದು ಅನ್ನೋದಕ್ಕೇ ಈಗಲೂ ಹೊಟ್ಟೆ ಉರಿಯುತ್ತದೆ.

ಭಾವ ಪಾರ್ಕಿನಲ್ಲಿ ಎಲೆ ಹಿಡಿದು ನಿಂತಿರುವ ಹೊತ್ತಿಗೆ ಅಕ್ಕ ಅಂಗಡಿಯ ಷಟರ್ ಎತ್ತುತ್ತಿದ್ದಳು. ಗುಡಿಸಿ, ಒರೆಸಿ, ಗಾಜು ಉಜ್ಜುವ ಚಕ್ರದ ಕೆಳಗಿನ ತಟ್ಟೆಯ ಕೆಸರು ಚೆಲ್ಲಿ, ಗೋಡೆಯ ಕಪಾಟಿನ ಫ್ರೇಮುಗಳನ್ನು ಒಂದೊಂದಾಗಿ ತೆಗೆದು ಮೆತ್ತನೆ ಬಟ್ಟೆಯಿಂದ ಒರೆಸಿ ಇಡಬೇಕು. ಸಾಸಿವೆ ಕಾಳಿನಷ್ಟು ತಿರುಪುಗಳನ್ನು ಡಬ್ಬಿಗೆ ಹಾಕಬೇಕು. ಕೊನೆಗೆ ಅಕ್ಷರದ ಬೋರ್ಡು. ಕಣ್ಣಿನ ಪರೀಕ್ಷೆಗೆ ಇಟ್ಟಿರುತ್ತಾರಲ್ಲ, ಮೇಲೆ ದೊಡ್ಡಕ್ಷರ, ಕೆಳಕ್ಕೆ ಬರುತ್ತ ಬರುತ್ತ ಇರುವೆಯಷ್ಟಾಗುವ ಏಳು ಸಾಲು, ಅದು. ಒಳಗಡೆ ಟ್ಯೂಬ್‌ಲೈಟು ಹಾಕಿದ್ದರು. ಅಕ್ಕ ಒದ್ದೆ ಬಟ್ಟೆ ಹಿಡಿದು ಮೇಲಿನಿಂದ ಕೆಳಕ್ಕೆ ಒರೆಸುವಾಗ ಬಾಯಲ್ಲೇ ಅಕ್ಷರ ಹೇಳಿಕೊಳ್ಳುತ್ತಿದ್ದಳು. ಗ. ಟ ಮ. ಲ ಪ ಣ. ಮೂವತ್ನಾಲ್ಕು ವರ್ಷ, ವಾರಕ್ಕೆ ಏಳೂ ದಿನ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯಾಳು.

ಭಾವ ಎಂಟೂವರೆಗೆ ಬಂದು ಕೈಕಾಲು ತೊಳೆದು ಕುರ್ಚಿ ಏರಿದರೆ ಅಕ್ಕ ಟೀ ಕೊಟ್ಟು ಕೇಳುತ್ತಿದ್ದಳು. "ಇವತ್ತು ಏನು ತೋರಿಸಿದ್ರಿ?"

"ಹೇಳಿದ್ರೆ ಗೊತ್ತಾಗಲ್ಲ ಇವಳೆ. ಅದನ್ನ ಕಣ್ಣಾರೆ ನೋಡ್ಬೇಕು."

"ನನ್ನನ್ನೂ ಕರ್ಕೊಂಡು ಹೋಗಿ ಹಾಗಾದ್ರೆ."

"ಅಂಗಡಿ ಯಾರು ತೆಗೀತಾರೆ? ಇನ್ನೆರಡು ವರ್ಷಕ್ಕೆ ಅಂಗಡಿ ಮುಚ್ಚಿಬಿಡ್ತೀವಲ್ಲ, ಆಮೇಲೆ ದಿನಾ ಹೋಗೋಣ ಬಿಡು."

ಕಚೇರಿಗೆ ಹೋಗುವ ಮುಂಚೆ ಅಲ್ಲಿಗೆ ಬಂದಾಗೆಲ್ಲ ನಾನು ಎದುರಿಗೇ ಕೂತು ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ಪಾರ್ಕು ಇರುವುದು ಅಂಗಡಿಯಿಂದ ಎರಡು ಬೀದಿ ಆಚೆ. ಸಂಜೆ ಮನೆಗೆ ಹೋಗುವಾಗ ಹತ್ತು ನಿಮಿಷ ನಿಂತು ಒಂದು ಹೂ ತೋರಿಸಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಆದರೆ ಸಂಜೆ ಅಲ್ಲಿ ಹದಿನೈದು ಜನ ಇರುತ್ತಿರಲಿಲ್ಲವಲ್ಲ. ಒಬ್ಬಳಿಗೆ ತೋರಿಸಿದರೆ "ಅವನದೇ" ಅನ್ನುವವರು ಯಾರು! ಅಕ್ಕನಿಗೆ ಅದ್ಯಾವುದೂ ಹೊಳೆಯುತ್ತಿರಲಿಲ್ಲ. "ಇನ್ನು ಎರಡು ವರ್ಷ ಕಣೆ, ಆಮೇಲೆ ನಾನೂ ಹೋಗ್ತೀನಿ. ಅವಸರ ಇಲ್ಲದೆ ಒಂದೊಂದೇ ನೋಡ್ತೀನಿ" ಅನ್ನುತ್ತಿದ್ದಳು. ಒಡವೆ ಬೇಕು ಅಂದವಳಲ್ಲ, ಊರು ಸುತ್ತಬೇಕು ಅಂದವಳಲ್ಲ. ಗಂಡ ಊರಿಗೆಲ್ಲ ತೋರಿಸುವುದನ್ನು ತಾನೂ ಒಂದು ಸಲ ನೋಡಬೇಕು ಅನ್ನುವುದೊಂದೇ ಅವಳ ಆಸೆ.

ಈಗ ಅಂಗಡಿಯಲ್ಲಿ ನಡೆಯುತ್ತಿದ್ದ ನಾಟಕದ ವಿಷಯಕ್ಕೆ ಬರುತ್ತೇನೆ. ಅಂಗಡಿಗೆ ನಾಲ್ಕು ಜನ ಗಿರಾಕಿ ಬಂದು ಕೂತರೆ ಸಾಕು, ಭಾವನಿಗೆ ಪ್ರವಚನದ ಹುರುಪು ಬರುತ್ತಿತ್ತು. "ಕ್ಯಾಮೆರಾ ಕ್ಯಾಮೆರಾ ಅಂತೀರಲ್ಲ, ಈ ಕಣ್ಣಿನ ಮುಂದೆ ಅದು ಆಟದ ಸಾಮಾನು. ಅವನು ಮಾಡಿಕೊಟ್ಟಿದ್ದನ್ನ ಸರಿಯಾಗಿ ಇಟ್ಕೊಂಡ್ರೆ ಸಾಯೋ ತನಕ ನಮ್ಮ ಅಂಗಡಿಗೆ ಬರೋದೇ ಬೇಡ. ನಮ್ಮ ಮನೆಯವಳನ್ನೇ ನೋಡಿ, ಐವತ್ತೇಳು ವರ್ಷ, ಕನ್ನಡಕ ಹಾಕಿಲ್ಲ. ಇವಳೆ, ಬಾ ಇಲ್ಲಿ, ಓದು." ಅಕ್ಕ ಕೈ ಒರೆಸಿಕೊಂಡು ಬಂದು ಬೋರ್ಡಿನೆದುರು ನೆಲದ ಗೆರೆಯ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ, ಗ ದಿಂದ ಹಿಡಿದು ಏಳನೇ ಸಾಲಿನ ಕೊನೆಯವರೆಗೆ ಗಡಗಡ ಹೇಳುತ್ತಿದ್ದಳು. ಗಿರಾಕಿಗಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಹಾಗೆ ಕೇಳುವ ಅವರ ಮುಖಗಳನ್ನು ಭಾವ ಒಂದೊಂದಾಗಿ ನೋಡುತ್ತ ನಗುತ್ತಿದ್ದರು. ತಿಂಗಳಿಗೆ ಎರಡು ಮೂರು ಸಲ ಈ ಪ್ರದರ್ಶನ. ಕನ್ನಡಕದ ಅಂಗಡಿಯವನು ಕನ್ನಡಕ ಬೇಡದ ಹೆಂಡತಿಯನ್ನು ತೋರಿಸಿ ಜಾಹೀರಾತು ಮಾಡುವುದು ಅಂದರೆ ಯಾವ ಬುದ್ಧಿ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಅಕ್ಕ ಟೀಯನ್ನು ಲೋಟದ ಪಕ್ಕಕ್ಕೆ ಸುರಿಯತೊಡಗಿದ್ದು ಅದೇ ಕಾಲಕ್ಕೆ. ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಳ್ಳುತ್ತಿದ್ದಳು. ಮೆಟ್ಟಿಲ ಹತ್ತಿರ ಬಂದರೆ ಕಾಲಿನಿಂದ ತಡವುತ್ತಿದ್ದಳು. ಒಂದು ದಿನ ಫ್ರೇಮಿನ ತಟ್ಟೆಯನ್ನೇ ಮೇಜಿನ ಅಂಚಿನಾಚೆಗೆ ಇಟ್ಟು ಇಪ್ಪತ್ತು ಫ್ರೇಮು ನೆಲಕ್ಕೆ. "ನಿನ್ನ ಗಮನ ಎಲ್ಲಿರುತ್ತೆ?" ಅಂದರು ಭಾವ. ಎದುರು ಮನೆಯವಳು ಬೀದಿಯಲ್ಲಿ ಕೈ ಎತ್ತಿದರೆ ನಿಮ್ಮಕ್ಕ ನೋಡದ ಹಾಗೆ ಹೋಗ್ತಾಳೆ, ಜಂಬ ಬಂದುಬಿಟ್ಟಿದೆ ಅಂತ ನನ್ನ ಕೌಂಟರಿಗೇ ಬಂದು ಹೇಳಿ ಹೋದಳು.

ಭಾವನನ್ನು ಬೈಯುವ ನಾನೇನು ಕಡಿಮೆಯವಳೇ? ನನ್ನ ಮಗಳ ಮದುವೆಯ ಊಟದಲ್ಲಿ ನಾನೇ ಕೈಯಾರೆ ಸಿಹಿಯ ತಟ್ಟೆ ಹಿಡಿದು ಅಕ್ಕನ ಬಲಗಡೆ ಹೋಗಿ ನಿಂತೆ. "ತಗೋ" ಅಂದೆ. ಆ ಗದ್ದಲದಲ್ಲಿ ಕೇಳಿಸಲಿಲ್ಲವೋ ಏನೋ, ತಿರುಗಲಿಲ್ಲ. ತಟ್ಟೆ ಹಿಡಿದ ಕೈ ಹಾಗೇ ಚಾಚಿಕೊಂಡಿತ್ತು, ಬೀಗರೆಲ್ಲ ನೋಡುತ್ತಿದ್ದರು. ಅವಳು ಎದ್ದು ಆ ಕಡೆ ಹೋದಳು. ಇಷ್ಟು ಸೊಕ್ಕೇ ಅಂತ ನಾಲ್ಕು ತಿಂಗಳು ಅವಳ ಜೊತೆ ಮಾತು ಬಿಟ್ಟೆ. ಮುಖ ನೋಡಿದರೆ ಮನಸ್ಸು ಗೊತ್ತಾಗುತ್ತೆ ಅಂತ ಕೊಚ್ಚಿಕೊಂಡವಳು, ಒಡಹುಟ್ಟಿದವಳ ಮುಖ ನೋಡಿ ಜಂಬ ಅಂತ ಓದಿದೆ.

ಮಾತು ಬಿಟ್ಟದ್ದು ಸಾಕಾಗಿ ಒಂದು ದಿನ ಊಟದ ಬಿಡುವಿನಲ್ಲಿ ನಾನೇ ಅಂಗಡಿಗೆ ಹೋದೆ. ಐದಾರು ಗಿರಾಕಿಗಳಿದ್ದರು, ಪ್ರವಚನ ಅರ್ಧಕ್ಕೆ ಬಂದಿತ್ತು. ಗೋಡೆಯ ಮೇಲೆ ಹೊಸ ಬೋರ್ಡು ಹೊಳೆಯುತ್ತಿತ್ತು. ಲೆನ್ಸು ಮಾರುವ ಕಂಪನಿಯವನು ಬಂದು ಹಳೆಯದು ಹಳದಿ ತಿರುಗಿದೆ ಅಂತ ಆಗಷ್ಟೇ ಬದಲಾಯಿಸಿ ಹೋಗಿದ್ದನಂತೆ. ಅಕ್ಕ ಆಗ ಒಳಗಡೆ ಗಾಜು ತೊಳೆಯುತ್ತಿದ್ದಳು. "ಇವಳೆ, ಬಾ, ಓದು" ಅಂದರು ಭಾವ. ಅಕ್ಕ ಬಂದು ಗೆರೆಯ ಮೇಲೆ ನಿಂತಳು.

"ಗ" ಅಂದಳು.

ಬೋರ್ಡಿನ ಮೇಲೆ, ತಟ್ಟೆಯಷ್ಟು ದೊಡ್ಡದಾಗಿ, ಇದ್ದದ್ದು ಹ.

"ಟ, ಮ. ಲ, ಪ, ಣ." ಒಂದೂ ಸರಿಯಿರಲಿಲ್ಲ. ಅಕ್ಕ ಎಂದಿನ ಹಾಗೆ ಗಡಗಡ ಹೇಳುತ್ತಿದ್ದಳು, ಭಾವ ಎಂದಿನ ಹಾಗೆ ಬೋರ್ಡಿಗೆ ಬೆನ್ನು ಹಾಕಿ ಗಿರಾಕಿಗಳ ಮುಖ ನೋಡಿ ತಲೆದೂಗುತ್ತಿದ್ದರು. ಒಬ್ಬ ಗಿರಾಕಿ ಪಕ್ಕದವನಿಗೆ ಮೊಣಕೈಯಿಂದ ತಿವಿದ. ಅಕ್ಕ ಏಳನೇ ಸಾಲನ್ನೂ ಮುಗಿಸಿದಳು. "ನೋಡಿದ್ರಾ!" ಅಂದರು ಭಾವ. "ಇದು ಅವನ ಕೈಕೆಲಸ!"

ನಾನು ಅಕ್ಕನ ಪಕ್ಕಕ್ಕೆ ಹೋದೆ. "ಅಕ್ಕ, ಇನ್ನೊಂದು ಸಲ ಹೇಳು. ಎಲ್ಲಕ್ಕಿಂತ ಮೇಲಿರೋ ದೊಡ್ಡಕ್ಷರ ಯಾವುದು?"

"ಗ ಅಲ್ವೇನೇ?"

"ನೆನಪಿಂದ ಹೇಳ್ಬೇಡ. ನೋಡಿ ಹೇಳು."

ಅಕ್ಕ ಕತ್ತನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಮತ್ತೆ ಎಡಕ್ಕೆ. ಆಮೇಲೆ ಬಹಳ ಸಣ್ಣ ದನಿಯಲ್ಲಿ, ಗಿರಾಕಿಗಳಿಗೆ ಕೇಳಿಸಬಾರದು ಅನ್ನುವ ಹಾಗೆ, "ಬೋರ್ಡು ಅಲ್ಲೇ ಇದೆಯಲ್ವಾ?" ಅಂದಳು.

ಭಾವ ನಕ್ಕರು! ತಮಾಷೆ ಮಾಡ್ತಿದ್ದಾಳೆ ಅಂತ ಗಿರಾಕಿಗಳಿಗೆ ಹೇಳಿದರು. ನಾನು ಅವರ ತೋಳು ಹಿಡಿದು ಗೋಡೆಯ ಕಡೆ ತಿರುಗಿಸಿದೆ. ಬೋರ್ಡು ನೋಡಿದರು, ಅಕ್ಕನನ್ನು ನೋಡಿದರು, ಮತ್ತೆ ಬೋರ್ಡು ನೋಡಿದರು.

ಅವತ್ತೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಗದ್ದ ಊರುವ ಯಂತ್ರದ ಮುಂದೆ ಅಕ್ಕನನ್ನು ಕೂರಿಸಿ ಬೆಳಕು ಬಿಟ್ಟು ನೋಡಿದರು, ಹನಿ ಹಾಕಿ ಮತ್ತೆ ನೋಡಿದರು. ಕಣ್ಣಿನ ಒಳಗೆ ಒತ್ತಡ ಏರಿ ನರ ಒಣಗಿದೆ ಅಂದರು. ನೋವಿರುವುದಿಲ್ಲವಂತೆ, ಅಂಚಿನಿಂದ ಸದ್ದಿಲ್ಲದೆ ಮುಚ್ಚಿಕೊಂಡು ಬರುತ್ತದಂತೆ. "ಬಲಗಣ್ಣಲ್ಲಿ ಏನೂ ಉಳಿದಿಲ್ಲ. ಎಡಗಣ್ಣಲ್ಲಿ ನಡುವೆ ಒಂದು ಚೂರಿದೆ. ಹೋದದ್ದು ವಾಪಸ್ ಬರಲ್ಲ. ಔಷಧಿ ಹಾಕ್ತಾ ಹೋದ್ರೆ ಇರೋದು ಸ್ವಲ್ಪ ಕಾಲ ಉಳೀಬಹುದು. ಐದಾರು ವರ್ಷ ಮುಂಚೆ ಬಂದಿದ್ರೆ ಮಾತೇ ಬೇರೆ ಇತ್ತು."

"ಇಲ್ಲಮ್ಮ, ಅವಳ ಕಣ್ಣು ಫಸ್ಟ್ ಕ್ಲಾಸ್ ಇತ್ತು" ಅಂದರು ಭಾವ. "ನಾನೇ ತಿಂಗಳು ತಿಂಗಳೂ ಓದಿಸ್ತಿದ್ದೆ."

ಡಾಕ್ಟರಮ್ಮ ಅಕ್ಕನ ಕಡೆ ತಿರುಗಿ ಕೇಳಿದರು. "ನೀವು ಯಾಕಮ್ಮ ಯಾರಿಗೂ ಹೇಳ್ಲಿಲ್ಲ?"

"ಮೊದಮೊದಲು ಕಾಣ್ತಾನೇ ಇತ್ತು" ಅಂದಳು ಅಕ್ಕ. "ಆಮೇಲೆ ಮಸುಕು ಮಸುಕು. ವಯಸ್ಸಾದ ಮೇಲೆ ಎಲ್ಲರಿಗೂ ಹೀಗೇ ಇರುತ್ತೆ ಅಂದ್ಕೊಂಡೆ. ಇವರು ಓದು ಅಂತಿದ್ರು, ಬಾಯಿಗೆ ಬರ್ತಿತ್ತು, ಹೇಳ್ತಿದ್ದೆ. ಅಷ್ಟು ಜನರ ಮುಂದೆ ಕಾಣಲ್ಲ ಅಂದ್ರೆ ಇವರ ಮರ್ಯಾದೆ ಏನಾಗ್ಬೇಕು?"

ಆಮೇಲೆ ಅವಳು ಕೇಳಿದ್ದು ಒಂದೇ ಮಾತು. "ಪಾರ್ಕಿಗೆ ಹೋಗಬಹುದಾ ಡಾಕ್ಟ್ರೇ?"

ಟ್ಯಾಕ್ಸಿಯಲ್ಲಿ ವಾಪಸ್ಸು ಬರುವಾಗ ಭಾವ ದೊಡ್ಡ ನಿಟ್ಟುಸಿರು ಬಿಟ್ಟು, "ಎಲ್ಲಾ ಅವನ ಇಚ್ಛೆ" ಅಂದರು. ನನಗೆ ಎಲ್ಲಿತ್ತೋ ಸಿಟ್ಟು! "ಅವನನ್ನ ಯಾಕೆ ಎಳೀತೀರಿ ಭಾವ? ಅವನು ಕಣ್ಣು ಕೊಟ್ಟಿದ್ದ. ನೋಡ್ಕೊಳ್ಳೋಕೆ ಕಣ್ಣಿನ ಅಂಗಡಿಯವನನ್ನೇ ಗಂಡ ಅಂತ ಕೊಟ್ಟಿದ್ದ. ಇನ್ನೇನು ಮಾಡ್ಬೇಕಿತ್ತು ಅವನು, ಇಳಿದು ಬಂದು ಕಾಗದ ಬರೆದು ಕೊಡ್ಬೇಕಿತ್ತಾ?" ಟ್ಯಾಕ್ಸಿಯವನು ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದ. ಅಕ್ಕ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, "ಬೇಡ ಕಣೆ" ಅಂದಳು.

ಮರುದಿನ ಬೆಳಗ್ಗೆ ಷಟರ್ ಎತ್ತಲಿಲ್ಲ. ಅಂಗಡಿಯನ್ನು ತೆಗೆಯದೆಯೂ ಇರಬಹುದು ಅಂತ ಮೂವತ್ನಾಲ್ಕು ವರ್ಷದಲ್ಲಿ ಮೊದಲ ಸಲ ಗೊತ್ತಾಗಿದ್ದು ಅವತ್ತು. ಮೂವರೂ ಪಾರ್ಕಿಗೆ ಹೋದೆವು. ಇನ್ನಾದರೂ ಈ ಮನುಷ್ಯ ಅವಳನ್ನು ಒಂದು ಗಿಡದ ಹತ್ತಿರ ಸುಮ್ಮನೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ. ಎಲ್ಲಿಯ ಮಾತು! ಹದಿನೈದು ಜನ ಕಾಯುತ್ತಿದ್ದರಲ್ಲ. ಅವರನ್ನು ಕಂಡದ್ದೇ ತಡ ಬೆನ್ನು ನೆಟ್ಟಗಾಯಿತು, ಗಂಟಲು ಸರಿಯಾಯಿತು. ಅಕ್ಕನ ಹೆಗಲು ಹಿಡಿದು ನಡುವೆ ನಿಲ್ಲಿಸಿ, ಒಂದು ಹೂ ಕಿತ್ತು ಅವಳ ಕೈಗೆ ಕೊಟ್ಟು ಶುರು ಮಾಡಿದರು. "ಅವನ ಯೋಜನೆ ನಮಗೆ ಅರ್ಥ ಆಗಲ್ಲ. ಇವಳ ಹೊರಗಣ್ಣು ಮುಚ್ಚಿದ. ಯಾಕೆ? ಒಳಗಣ್ಣು ತೆರೆಯೋಕೆ! ಇವತ್ತು ಈ ಹೂವನ್ನ ನಮ್ಮೆಲ್ಲರಿಗಿಂತ ಚೆನ್ನಾಗಿ ನೋಡ್ತಿರೋದು ಇವಳು." ಹೆಡ್‌ಮಿಸ್ಸು ಕಣ್ಣೊರೆಸಿಕೊಂಡರು. ಜಡ್ಜು "ಆಹಾ" ಅಂದರು.

"ರೀ" ಅಂದಳು ಅಕ್ಕ. ಜನರ ಮುಂದೆ ಅವಳು ಗಂಡನ ಮಾತಿಗೆ ಅಡ್ಡ ಬಂದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. "ಒಳಗಣ್ಣು ಅಂತ ಯಾವುದೂ ತೆರೆದಿಲ್ಲ ರೀ. ನನಗೆ ಕಾಣ್ತಿಲ್ಲ, ಅಷ್ಟೆ. ಈ ಹೂವಿನ ಬಣ್ಣ ಯಾವುದು ಹೇಳಿ."

"ಇದು... ಆ ಸೃಷ್ಟಿಕರ್ತನ..."

"ಬಣ್ಣ ಕೇಳಿದ್ದು."

"ನೇರಳೆ" ಅಂದರು ಭಾವ. ಅಷ್ಟು ಹೇಳಿ ನಿಂತರು. ಹನ್ನೊಂದು ವರ್ಷ ಹರಿದ ಬಾಯಿ, ಎದುರಿಗೆ ನೋಡಲಾರದವಳೊಬ್ಬಳು ನಿಂತು ಕೇಳಿದಾಗ ಒಂದೇ ಶಬ್ದಕ್ಕೆ ಬತ್ತಿಹೋಯಿತು. ಎಂಥ ನೇರಳೆ, ಅಂಚು ಹೇಗಿದೆ, ನಡುವೆ ಏನಿದೆ, ಒಂದೂ ಬರಲಿಲ್ಲ. ಒದ್ದಾಡಲಿ ಅಂತ ನಾನೂ ಬಾಯಿ ಹಾಕಲಿಲ್ಲ. ನನಗೆ ಅಷ್ಟು ತಿರಸ್ಕಾರ ಬಂದಿತ್ತು.

ಅಕ್ಕ ಹೂವನ್ನು ಕಣ್ಣಿನ ಹತ್ತಿರ ತಂದುಕೊಳ್ಳುತ್ತಾಳೆ, ಉಳಿದ ಚೂರಿನಲ್ಲಿ ಅದನ್ನಾದರೂ ನೋಡಿಕೊಳ್ಳುತ್ತಾಳೆ ಅಂದುಕೊಂಡೆ. ಅವಳು ಹೂವನ್ನು ನನ್ನ ಕೈಗೆ ಕೊಟ್ಟುಬಿಟ್ಟಳು. ಎರಡೂ ಕೈಯಿಂದ ಭಾವನ ಕೆನ್ನೆ ಹಿಡಿದು, ಬೆಳಕಿನ ಕಡೆಗೆ ತಿರುಗಿಸಿ, ತನ್ನ ಕತ್ತನ್ನು ಇಷ್ಟಿಷ್ಟೇ ಹೊರಳಿಸುತ್ತ ಹಣೆ ನೋಡಿದಳು, ಹುಬ್ಬು ನೋಡಿದಳು, ಬಾಯಿ ನೋಡಿದಳು.

"ಯಾವಾಗ ರೀ ಇಷ್ಟು ವಯಸ್ಸಾಯ್ತು ನಿಮಗೆ?" ಅಂದಳು. ವ್ಯಂಗ್ಯ ಇರಲಿಲ್ಲ, ನಿಜವಾಗಿ ಆಶ್ಚರ್ಯಪಟ್ಟು ಕೇಳುತ್ತಿದ್ದಳು. ಭಾವ ಅವಳ ಕೈಗಳ ನಡುವೆಯೇ ಮುಖ ಕಿವುಚಿ, ಸದ್ದು ಮಾಡದೆ ಅಳತೊಡಗಿದರು. ನನಗೆ ಅವರ ಮೇಲೆ ಕರುಣೆ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ಅಕ್ಕ ಅವರ ಮುಖ ಬಿಟ್ಟು ಗಾಳಿಯಲ್ಲಿ ಕೈ ಚಾಚಿದಳು. "ನೀನೆಲ್ಲಿದ್ದೀಯೇ? ಬಾ ಈ ಕಡೆ. ಕಾಣೋ ಚೂರು ಇರೋವಾಗಲೇ ನಿನ್ನ ಮುಖಾನೂ ಒಂದು ಸಲ ನೋಡ್ಕೊಂಡು ಬಿಡ್ತೀನಿ."

ನಾನು ಅವಳ ಬಲಗಡೆ, ಏನೂ ಕಾಣದ ಕಣ್ಣಿನ ಕಡೆ, ನಿಂತಿದ್ದೆ. ಅತ್ತು ಅತ್ತು ಮೂಗು ಸೋರುತ್ತಿತ್ತು. ಅವಳು ಜ್ಞಾಪಕ ಇಟ್ಟುಕೊಳ್ಳುವ ಮುಖ ಇದಾಗಬಾರದು ಅಂತ, "ಬಂದೆ ಕಣೆ, ಒಂದು ನಿಮಿಷ ಇರು" ಅಂದೆ. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡೆ, ಕೂದಲು ಸರಿ ಮಾಡಿಕೊಂಡೆ. ಆಮೇಲೆ ಅವಳ ಎಡಗಡೆಯಿಂದ ಬಂದು ನಿಂತೆ.